ಊರೊಳಗಿನ ಕಿರುದೋಟವೂ ಮನುಷ್ಯನ ತೃಪ್ತಿಯೂ

ತೃಪ್ತಿಯೆಂಬುದು ಎಲ್ಲರೂ ಬಯಸುವ, ಆದರೆ ಕೆಲವರೇ ವಿಚಾರಮಾಡುವ ವಿಷಯವು. ಅದು ದೊರೆತಾಗ ನಾವು ಅದರ ಕಾರಣವನ್ನು ಕೇಳುವುದಿಲ್ಲ. ತಪ್ಪಿಹೋದಾಗ ಕಾರಣವನ್ನು ಹುಡುಕುತ್ತೇವೆ, ಆಗ ಅದು ಕೈಗೆ ಸಿಕ್ಕುವುದಿಲ್ಲ. ಆದುದರಿಂದ ತೃಪ್ತಿಯ ಸ್ವರೂಪವನ್ನು ಪರೀಕ್ಷಿಸಬೇಕೆನ್ನುವವನು ಅದು ಅನಾಯಾಸವಾಗಿ ಕಾಣಿಸಿಕೊಳ್ಳುವ ಸ್ಥಳಕ್ಕೆ ಹೋಗಿ ಅಲ್ಲಿ ಅದನ್ನು ನೋಡುವುದು ಮೇಲು. ಅಂತಹ ಸ್ಥಳಗಳಲ್ಲಿ ನಮ್ಮ ನಗರಗಳ ಬಡಾವಣೆಗಳೊಳಗಿರುವ ಸಣ್ಣ ಉದ್ಯಾನವೂ ಒಂದು. ಜನರು ಅದನ್ನು ಪಾರ್ಕು ಎನ್ನುತ್ತಾರೆ. ನಾಲ್ಕು ಬೀದಿಗಳ ನಡುವೆ ಕೆಲವು ಗುಂಟೆಯಷ್ಟೋ ಒಂದೆರಡು ಎಕರೆಯಷ್ಟೋ ನೆಲ, ಸುತ್ತಲೂ ಕಬ್ಬಿಣದ ಬೇಲಿ, ಒಳಗೆ ಹತ್ತಾರು ಹೊಂಗೆ, ಸಂಪಿಗೆ, ಆಕಾಶಮಲ್ಲಿಗೆಯ ಮರಗಳು, ಸುತ್ತಿಬರುವ ಒಂದು ಕಾಲುದಾರಿ, ಕೆಲವು ಕಲ್ಲುಬೆಂಚುಗಳು. ಇಷ್ಟೇ ಅದರ ಸಂಪತ್ತು. ಆದರೂ ಅಲ್ಲಿಗೆ ಜನರು ದಿನದಿನವೂ ಬರುತ್ತಾರೆ. ಅರ್ಧ ಗಂಟೆ ನಡೆದೋ ಕುಳಿತೋ, ಬಂದಾಗ ಇದ್ದುದಕ್ಕಿಂತ ತಿಳಿಯಾದ ಮುಖದಿಂದ ಮನೆಗೆ ಹಿಂದಿರುಗುತ್ತಾರೆ. ಇಷ್ಟು ಸ್ವಲ್ಪದರಿಂದ ಅಷ್ಟು ತೃಪ್ತಿಯು ಹುಟ್ಟುವುದು ಹೇಗೆ? ಇದೇ ಈ ಲೇಖನದ ವಿಚಾರವು.

ಪ್ರಶ್ನೆಯು ಅಲ್ಪವೆಂದು ಕೆಲವರಿಗೆ ತೋರಬಹುದು. ಆದರೆ ಇದರೊಳಗೆ ದೊಡ್ಡದೊಂದು ತೊಡಕು ಅಡಗಿದೆ. ಛಾಂದೋಗ್ಯೋಪನಿಷತ್ತಿನ ಏಳನೆಯ ಅಧ್ಯಾಯದಲ್ಲಿ ನಾರದರು ಸನತ್ಕುಮಾರರ ಬಳಿಗೆ ಬಂದು, ಸಕಲ ವಿದ್ಯೆಗಳನ್ನು ಕಲಿತರೂ ತಮ್ಮ ಶೋಕವು ನೀಗಲಿಲ್ಲವೆಂದು ಬಿನ್ನವಿಸಿಕೊಳ್ಳುತ್ತಾರೆ. ಸನತ್ಕುಮಾರರು ಮೆಟ್ಟಿಲು ಮೆಟ್ಟಿಲಾಗಿ ಅವರನ್ನು ಮೇಲಕ್ಕೆ ಕರೆದೊಯ್ದು, ಕೊನೆಯಲ್ಲಿ ಭೂಮವೆಂಬ ತತ್ತ್ವವನ್ನು ಉಪದೇಶಿಸುತ್ತಾರೆ. ಎಲ್ಲೆಕಟ್ಟಿದ ವಸ್ತು ಯಾವುದೂ ಮನುಷ್ಯನನ್ನು ತಣಿಸಲಾರದು, ಎಲ್ಲೆಯಿಲ್ಲದ ಪೂರ್ಣತೆಯೊಂದರಲ್ಲಿಯೇ ಅವನಿಗೆ ನೆಮ್ಮದಿ ಎಂಬುದು ಆ ಉಪದೇಶದ ತಾತ್ಪರ್ಯವು. ಅದು ಸತ್ಯವಾದರೆ, ಕಬ್ಬಿಣದ ಬೇಲಿಯಿಂದ ಎಲ್ಲೆಕಟ್ಟಿದ ಈ ಪುಟ್ಟ ತೋಟದಲ್ಲಿ ಜನರಿಗೆ ಉಂಟಾಗುವ ತೃಪ್ತಿಯು ಏನು? ಅದು ಬರಿಯ ಭ್ರಾಂತಿಯಾಗಿರಬೇಕು. ಇಲ್ಲವೆ ಆ ತೋಟವು ನಮ್ಮ ಅಳತೆಯ ಸರಪಣಿಗೆ ತೋರುವಷ್ಟು ಸಣ್ಣದಲ್ಲದಿರಬೇಕು. ಎರಡನೆಯದೇ ಯುಕ್ತವೆಂದು ನನ್ನ ಅಭಿಪ್ರಾಯ. ಅದನ್ನು ಸ್ಥಾಪಿಸುವ ಮೊದಲು ಸಾಮಾನ್ಯವಾಗಿ ಜನರು ಹೇಳುವ ಕಾರಣಗಳನ್ನು ಒಂದೊಂದಾಗಿ ನೋಡೋಣ.

ತೋಟದ ವಿಸ್ತಾರವೂ ಅಲಂಕಾರವೂ ತೃಪ್ತಿಗೆ ಕಾರಣವೆಂಬುದು ಮೊದಲನೆಯ ಪಕ್ಷ. ಈ ಪಕ್ಷವನ್ನು ನಂಬಿದ ಅಧಿಕಾರಿಗಳು ಸಣ್ಣ ತೋಟವನ್ನು ದೊಡ್ಡದು ಮಾಡಲಾರದೆ, ಅದರಲ್ಲಿ ಕಾರಂಜಿ, ಸಿಮೆಂಟಿನ ಜಿಂಕೆ, ಬಣ್ಣದ ದೀಪ ಮುಂತಾದುವನ್ನು ತುಂಬುತ್ತಾರೆ. ಒಂದು ವರ್ಷದಲ್ಲಿ ಕಾರಂಜಿಯು ಬತ್ತುತ್ತದೆ, ಜಿಂಕೆಯ ಕೊಂಬು ಮುರಿಯುತ್ತದೆ. ಜನರೋ, ಮೊದಲಿನಂತೆಯೇ ಹೊಂಗೆಯ ಮರದಡಿಯ ಹಳೆಯ ಬೆಂಚನ್ನು ಹುಡುಕಿಕೊಂಡು ಹೋಗುತ್ತಾರೆ. ವಿಸ್ತಾರವೇ ಕಾರಣವೆಂಬುದಕ್ಕೆ ವಿರುದ್ಧವಾದ ದೃಷ್ಟಾಂತವು ನ್ಯೂಯಾರ್ಕ್ ನಗರದಲ್ಲಿ ದೊರೆಯುತ್ತದೆ. ಅಲ್ಲಿಯ ಐವತ್ತಮೂರನೆಯ ಬೀದಿಯಲ್ಲಿ ೧೯೬೭ರಲ್ಲಿ ತೆರೆದ ಪೇಲೀ ಉದ್ಯಾನವೆಂಬುದೊಂದು ಇದೆ. ವಿಲಿಯಂ ಪೇಲೀ ಎಂಬ ಧನಿಕನು ತನ್ನ ತಂದೆಯ ನೆನಪಿಗಾಗಿ ಅದನ್ನು ಮಾಡಿಸಿದನು. ಅದರ ವಿಸ್ತೀರ್ಣವು ಸುಮಾರು ೪,೨೦೦ ಚದರಡಿ. ನಮ್ಮ ಲೆಕ್ಕದಲ್ಲಿ ನಾಲ್ಕು ಗುಂಟೆಗೂ ಕಡಮೆ. ಅರವತ್ತು-ನಲವತ್ತಡಿಯ ಎರಡು ಮನೆ ನಿವೇಶನಗಳಷ್ಟೂ ಇಲ್ಲ. ಮೂರು ಕಡೆಗಳಲ್ಲಿ ಎತ್ತರವಾದ ಕಟ್ಟಡಗಳ ಗೋಡೆ. ಹಿಂಬದಿಯಲ್ಲಿ ಇಪ್ಪತ್ತಡಿ ಎತ್ತರದಿಂದ ಇಳಿಯುವ ನೀರು. ಅದರ ಸದ್ದು ಬೀದಿಯ ಗದ್ದಲವನ್ನು ಮುಚ್ಚುತ್ತದೆ. ಮೇಲೆ ತೆಳುನೆರಳನ್ನು ಕೊಡುವ ಮರಗಳು. ಕೆಳಗೆ ಎತ್ತಿ ಸರಿಸಬಹುದಾದ ಕುರ್ಚಿಗಳು. ಇಷ್ಟರಲ್ಲಿಯೇ ಜನರು ತುಂಬಾ ಸಂತೋಷದಿಂದ ಇರುತ್ತಾರೆಂದು ನೋಡಿದವರೆಲ್ಲರೂ ಬರೆದಿದ್ದಾರೆ. ವಿಸ್ತಾರವೇ ತೃಪ್ತಿಗೆ ಕಾರಣವಾಗಿದ್ದರೆ ಇದು ಹೇಗೆ ಸಂಭವಿಸೀತು?

ಇಷ್ಟೇ ಅಲ್ಲ, ದೊಡ್ಡದಕ್ಕಿಲ್ಲದ ಒಂದು ಗುಣವು ಸಣ್ಣದಕ್ಕೆ ಇರುವುದು. ಕರ್ಮಗಳಲ್ಲಿ ನಿತ್ಯವೆಂದೂ ನೈಮಿತ್ತಿಕವೆಂದೂ ಭೇದವುಂಟೆಂದು ಮೀಮಾಂಸಕರು ಹೇಳುವುದು ನಮ್ಮ ಮನೆಗಳಲ್ಲಿ ಎಲ್ಲರಿಗೂ ತಿಳಿದ ಸಂಗತಿ. ಸಂಧ್ಯಾವಂದನೆಯು ನಿತ್ಯ, ಗ್ರಹಣಸ್ನಾನವು ನೈಮಿತ್ತಿಕ. ನಿತ್ಯವನ್ನು ಮಾಡಿದವನಿಗೆ ವಿಶೇಷವಾದ ಫಲವೇನೂ ಕಣ್ಣಿಗೆ ಬೀಳುವುದಿಲ್ಲ. ಆದರೆ ಬಿಟ್ಟರೆ ಪ್ರತ್ಯವಾಯವುಂಟು, ಎಂದರೆ ಕೇಡು ತಟ್ಟುವುದು. ಉದ್ಯಾನಗಳಲ್ಲಿಯೂ ಈ ಭೇದವನ್ನು ಕಾಣಬಹುದು. ಹೈದರ್ ಅಲಿಯು ೧೭೬೦ರಲ್ಲಿ ಆರಂಭಿಸಿದ ಬೆಂಗಳೂರಿನ ಲಾಲ್‌ಬಾಗು ೨೪೦ ಎಕರೆಯ ಮಹೋದ್ಯಾನ. ಅದನ್ನು ನೋಡಲು ದೂರದ ಊರುಗಳಿಂದ ಜನರು ಬರುತ್ತಾರೆ. ಫಲಪುಷ್ಪ ಪ್ರದರ್ಶನದ ದಿನಗಳಲ್ಲಿ ಜಾತ್ರೆಯೇ ಸೇರುತ್ತದೆ. ದೂರದವರಿಗೆ ಅದು ನೈಮಿತ್ತಿಕ. ಮನೆಯ ಮುಂದಿನ ಮೂಲೆಯಲ್ಲಿರುವ ಕಿರುದೋಟವೋ ನಿತ್ಯ. ಅದನ್ನು ನೋಡಲೆಂದು ಯಾರೂ ಬಸ್ಸು ಹತ್ತುವುದಿಲ್ಲ. ನಂಟರಿಗೆ ಯಾರೂ ತೋರಿಸುವುದಿಲ್ಲ. ಆದರೆ ಯುಗಾದಿಯ ಸುಮಾರಿಗೆ ಅಲ್ಲಿಯ ಹೊಂಗೆಯು ಚಿಗುರಿದುದನ್ನೂ, ಯಾವ ಮರದಲ್ಲಿ ಕಾಗೆಯು ಗೂಡು ಕಟ್ಟಿದೆಯೆಂಬುದನ್ನೂ, ಯಾವ ಬೆಂಚಿಗೆ ಯಾವ ಹೊತ್ತಿನಲ್ಲಿ ನೆರಳು ಬೀಳುವುದೆಂಬುದನ್ನೂ ಸುತ್ತಲಿನವರು ಬಲ್ಲರು. ಈ ಬಳಕೆಯೇ ತೃಪ್ತಿಯ ಮೊದಲನೆಯ ಬೇರು. ವಿಶ್ವ ಆರೋಗ್ಯ ಸಂಸ್ಥೆಯ ಯೂರೋಪು ವಿಭಾಗದವರು ೨೦೧೭ರಲ್ಲಿ ಪ್ರಕಟಿಸಿದ ಒಂದು ಸೂಚನೆಯಲ್ಲಿ, ಪ್ರತಿಯೊಂದು ಮನೆಗೂ ೩೦೦ ಮೀಟರುಗಳ ಒಳಗೆ, ಎಂದರೆ ಐದು ನಿಮಿಷದ ನಡಿಗೆಯಷ್ಟರಲ್ಲಿ, ಅರ್ಧ ಅಥವಾ ಒಂದು ಹೆಕ್ಟೇರಿನಷ್ಟಾದರೂ ಹಸುರು ನೆಲವಿರಬೇಕೆಂದು ಹೇಳಿದರು. ಅವರ ಕಣ್ಣು ವಿಸ್ತಾರಕ್ಕಿಂತ ಸಾಮೀಪ್ಯದ ಮೇಲೆ ಹೆಚ್ಚಾಗಿ ಬಿದ್ದುದು ಗಮನಾರ್ಹವಾಗಿದೆ. ಮುದುಕನ ಮೊಣಕಾಲಿಗೂ ಮಗುವಿನ ಪುಟ್ಟ ಹೆಜ್ಜೆಗೂ ಎಟಕುವ ಸಣ್ಣ ತೋಟವು, ಎಟಕದ ನಂದನವನಕ್ಕಿಂತ ಮೇಲು. ನಿತ್ಯಕರ್ಮದ ಫಲದಂತೆ ಇದರ ಫಲವೂ ಕಾಣದು. ತೋಟವನ್ನು ಕಿತ್ತುಹಾಕಿದ ಮೇಲೆ ಮಾತ್ರ ಆ ಬೀದಿಯ ಜನರು ಏಕೆ ಸಿಡುಕರಾದರೆಂದು ನಾವು ವಿಚಾರಿಸತೊಡಗುತ್ತೇವೆ.

ಇನ್ನು ಎರಡನೆಯ ಪಕ್ಷ. ತೃಪ್ತಿಯು ಕೇವಲ ಮನಸ್ಸಿನ ಧರ್ಮವು. ಸಂತೋಷವನ್ನು ಯೋಗಶಾಸ್ತ್ರದಲ್ಲಿ ನಿಯಮಗಳಲ್ಲೊಂದಾಗಿ ಎಣಿಸಿದ್ದಾರೆ. ಸಂತುಷ್ಟನಿಗೆ ಸಂತೆಯ ಬೀದಿಯೂ ತಪೋವನವೇ, ಅಸಂತುಷ್ಟನಿಗೆ ತಪೋವನವೂ ಸಂತೆಯೇ. ಆದುದರಿಂದ ತೋಟವಿದ್ದರೇನು, ಇಲ್ಲದಿದ್ದರೇನು? ಹೀಗೆ ಕೆಲವರು ವಾದಿಸುವರು. ನಮ್ಮಂತಹ ಶಾಸ್ತ್ರಪಾಠಕರಿಗೆ ಈ ವಾದವು ಬಹಳ ರುಚಿಸುತ್ತದೆ. ಆದರೆ ಈ ರುಚಿಯಲ್ಲಿ ಒಂದು ಅಪಾಯವುಂಟು. ತನ್ನ ಮನಸ್ಸನ್ನು ತಾನು ಆಳಬೇಕೆಂದು ಒಬ್ಬನು ತನಗೆ ಹೇಳಿಕೊಂಡರೆ ಅದು ವೈರಾಗ್ಯ. ಅದೇ ಮಾತನ್ನು, ಹತ್ತಡಿಯ ಕೋಣೆಯಲ್ಲಿ ಐದು ಮಂದಿಯೊಡನೆ ಬಾಳುವ ನೆರೆಯವನಿಗೆ ನಾವು ಹೇಳಿದರೆ ಅದು ವೈರಾಗ್ಯವಲ್ಲ, ನಿಷ್ಕರುಣೆ. ಅಲ್ಲದೆ ಅದು ನಿಜವೂ ಅಲ್ಲ. ಅಮೆರಿಕ ದೇಶದ ಪೆನ್ಸಿಲ್ವೇನಿಯಾ ಪ್ರಾಂತದ ಒಂದು ಆಸ್ಪತ್ರೆಯಲ್ಲಿ ೧೯೭೨ರಿಂದ ೧೯೮೧ರ ವರೆಗೆ ಪಿತ್ತಕೋಶದ ಶಸ್ತ್ರಚಿಕಿತ್ಸೆಗೆ ಒಳಗಾದವರ ದಾಖಲೆಗಳನ್ನು ರೋಜರ್ ಉಲ್ರಿಚ್ ಎಂಬ ವಿದ್ವಾಂಸನು ಪರಿಶೀಲಿಸಿ, ತನ್ನ ನಿರ್ಣಯವನ್ನು ೧೯೮೪ರಲ್ಲಿ ಪ್ರಕಟಿಸಿದನು. ವಯಸ್ಸು ಮುಂತಾದುವುಗಳಲ್ಲಿ ಸಮಾನರಾದ ೨೩ ಜೋಡಿ ರೋಗಿಗಳು. ಪ್ರತಿಯೊಂದು ಜೋಡಿಯಲ್ಲಿಯೂ ಒಬ್ಬರ ಕಿಟಕಿಯಿಂದ ಮರಗಳು ಕಾಣುತ್ತಿದ್ದುವು. ಇನ್ನೊಬ್ಬರ ಕಿಟಕಿಯಿಂದ ಇಟ್ಟಿಗೆಯ ಗೋಡೆ ಕಾಣುತ್ತಿದ್ದಿತು. ಮರಗಳನ್ನು ಕಂಡವರು ಬೇಗನೆ ಮನೆಗೆ ಹಿಂದಿರುಗಿದರು; ನೋವನ್ನಡಗಿಸುವ ತೀವ್ರವಾದ ಔಷಧಗಳನ್ನು ಕಡಮೆಯಾಗಿ ಬೇಡಿದರು. ಅವರು ಯಮನಿಯಮಗಳನ್ನು ಅಭ್ಯಾಸಮಾಡಿದವರೇನೂ ಅಲ್ಲ. ಮನಸ್ಸಿನ ಪ್ರಯತ್ನಕ್ಕೆ ಮೊದಲೇ ಮರವು ತನ್ನ ಕೆಲಸವನ್ನು ಮಾಡಿತ್ತು. ಆದುದರಿಂದ ದೇಶವೆಂಬುದು ಮನಸ್ಸಿನ ಮೇಲೆ ವ್ಯಾಪಾರಮಾಡುವುದು ಸಿದ್ಧವು. ತೃಪ್ತಿಯು ಮನಸ್ಸಿನಲ್ಲಿ ಹುಟ್ಟುವುದಾದರೂ ಅದಕ್ಕೆ ನೆಲವು ಬೇಕು.

ಹಾಗಾದರೆ ಆ ನೆಲದಲ್ಲಿ ಇರಬೇಕಾದುದೇನು? ನೆರಳು, ಕುಳಿತುಕೊಳ್ಳಲು ಬೆನ್ನೊರಗುಳ್ಳ ಬೆಂಚು, ಎಡವದ ಕಾಲುದಾರಿ, ಕುಡಿಯುವ ನೀರು, ಶುಚಿಯಾದ ಪಾಯಖಾನೆ, ಸಂಜೆ ಹೆಂಗಸರು ಅಂಜದೆ ನಡೆಯುವಷ್ಟು ಬೆಳಕು. ಇವುಗಳಲ್ಲಿ ಒಂದೂ ಕವಿಗಳ ವರ್ಣನೆಗೆ ತಕ್ಕುದಲ್ಲ. ಒಂದಿಲ್ಲದಿದ್ದರೂ ತೃಪ್ತಿಗೆ ಕುಂದುಂಟು. ತೋಟದ ಅರ್ಧ ಸೌಂದರ್ಯವು ಮಾಲಿಯ ಪೊರಕೆಯಲ್ಲಿದೆ. ಉದುರಿದ ಎಲೆಯನ್ನು ಗುಡಿಸಿದ ದಾರಿಯನ್ನು ಕಂಡಾಗ, ಇಲ್ಲಿಗೆ ಬರುವವರು ಯಾರೋ ಒಬ್ಬರ ಗಮನದಲ್ಲಿದ್ದಾರೆ ಎಂಬ ಅರಿವು ಹೇಳದೆಯೇ ಉಂಟಾಗುತ್ತದೆ. ಮುರಿದ ಜೋಕಾಲಿಯೂ ಕಸದ ರಾಶಿಯೂ ಹೇಳುವ ಮಾತು ಇದಕ್ಕೆ ವಿರುದ್ಧವಾದುದು.

ಆದರೆ ಇವೆಲ್ಲವೂ ಇದ್ದರೂ ತೃಪ್ತಿಯಿಲ್ಲದ ತೋಟಗಳುಂಟು. ಇಲ್ಲಿ ಮತ್ತೊಮ್ಮೆ ನ್ಯೂಯಾರ್ಕಿನ ಸಂಗತಿಯೇ ನಮಗೆ ಉಪಕಾರಿಯಾಗಿದೆ. ೧೯೬೧ರಲ್ಲಿ ಆ ನಗರದವರು ಒಂದು ಕಟ್ಟಳೆಯನ್ನು ಮಾಡಿ, ಕಟ್ಟಡದ ಮುಂದೆ ಸಾರ್ವಜನಿಕರಿಗಾಗಿ ತೆರಪು ನೆಲವನ್ನು ಬಿಟ್ಟವರಿಗೆ ಹೆಚ್ಚು ಅಂತಸ್ತುಗಳನ್ನು ಕಟ್ಟಲು ಅನುಮತಿಯನ್ನು ಕೊಟ್ಟರು. ನೆಲವೇನೋ ಬಿಡಲ್ಪಟ್ಟಿತು. ಆದರೆ ಅನೇಕ ಕಡೆಗಳಲ್ಲಿ ಅಲ್ಲಿಗೆ ಯಾರೂ ಬರಲಿಲ್ಲ. ವಿಲಿಯಂ ವೈಟ್ ಎಂಬಾತನು ೧೯೭೦ರ ದಶಕದಲ್ಲಿ ಇದಕ್ಕೆ ಕಾರಣವನ್ನು ಹುಡುಕಲು, ಇಂತಹ ಸ್ಥಳಗಳಲ್ಲಿ ಜನರು ಏನು ಮಾಡುತ್ತಾರೆಂಬುದನ್ನು ಚಲಚ್ಚಿತ್ರಗಳಲ್ಲಿ ಹಿಡಿದು ವರ್ಷಗಟ್ಟಲೆ ಪರೀಕ್ಷಿಸಿದನು. ೧೯೮೦ರಲ್ಲಿ ಆ ವಿಷಯವಾಗಿ ಒಂದು ಪುಸ್ತಕವನ್ನು ಪ್ರಕಟಿಸಿದನು. ಅವನು ಕಂಡ ಸತ್ಯವು ನಗೆ ತರಿಸುವಷ್ಟು ಸರಳವಾಗಿದೆ: ಎಲ್ಲಿ ಕುಳಿತುಕೊಳ್ಳಲು ಸ್ಥಳವಿದೆಯೋ ಅಲ್ಲಿ ಜನರು ಕುಳಿತುಕೊಳ್ಳುತ್ತಾರೆ. ಅನೇಕ ಮಾಲೀಕರು ನೆಲವನ್ನು ಬಿಟ್ಟರೂ ಕುಳಿತುಕೊಳ್ಳುವುದಕ್ಕೆ ಅನುಕೂಲವನ್ನು ಬಿಟ್ಟಿರಲಿಲ್ಲ. ಕೆಲವರು ಜಗಲಿಯ ಅಂಚಿಗೆ ಮುಳ್ಳಿನಂತಹ ಕಬ್ಬಿಣವನ್ನೂ ನಾಟಿದ್ದರು. ಅವನು ಕಂಡ ಇನ್ನೊಂದು ಸಂಗತಿಯು ಹೆಚ್ಚು ಅರ್ಥವತ್ತಾಗಿದೆ. ಎತ್ತಿ ಸರಿಸಬಹುದಾದ ಕುರ್ಚಿಯಿದ್ದಲ್ಲಿ, ಬಂದವನು ಅದನ್ನು ಕೆಲವು ಅಂಗುಲ ಅತ್ತಲೋ ಇತ್ತಲೋ ಜರುಗಿಸಿಯೇ ಕುಳಿತುಕೊಳ್ಳುತ್ತಾನೆ. ಜರುಗಿಸಿದುದರಿಂದ ನೆರಳೇನೂ ಹೆಚ್ಚುವುದಿಲ್ಲ. ಹಾಗಿದ್ದರೂ ಏಕೆ ಜರುಗಿಸುತ್ತಾನೆ? ಇಲ್ಲಿ ಇರಲು ತನಗೆ ಹಕ್ಕುಂಟೆಂಬುದನ್ನು ಆ ಒಂದು ಚಲನೆಯಿಂದ ತನಗೆ ತಾನೇ ದೃಢಮಾಡಿಕೊಳ್ಳುತ್ತಾನೆ ಎಂದೇ ನಾನು ತಿಳಿಯುತ್ತೇನೆ.

ಈಗ ನಮ್ಮ ವಿಚಾರದ ಮರ್ಮಕ್ಕೆ ಬಂದೆವು. ನಗರದಲ್ಲಿ ಸುಮ್ಮನೆ ಇರುವುದಕ್ಕೆ ಬೆಲೆಯುಂಟು. ಬೀದಿಯಲ್ಲಿ ನಿಂತರೆ ಹಿಂದಿನವನು ಗದರುತ್ತಾನೆ. ಹೋಟೆಲಿನಲ್ಲಿ ಕುಳಿತರೆ ಕಾಫಿಯನ್ನು ತರಿಸಬೇಕು. ಕುಡಿದಾದ ಮೇಲೆ ಏಳಬೇಕು. ಅಂಗಡಿಯ ಮೆಟ್ಟಿಲು ಅಂಗಡಿಯವನದು. ಕಚೇರಿಗೆ ಹೋದರೆ ಏನು ಕೆಲಸವೆಂದು ಕೇಳುತ್ತಾರೆ. ಮನೆಯಲ್ಲಿಯೂ ಒಬ್ಬನು ತಂದೆ, ಒಬ್ಬಳು ಸೊಸೆ, ಒಬ್ಬನು ಸಾಲಗಾರ. ಆಯಾ ಸಂಬಂಧಕ್ಕೆ ತಕ್ಕ ಮುಖವನ್ನು ಧರಿಸಿರಬೇಕು. ಕಿರುದೋಟದ ಬೆಂಚು ಮಾತ್ರ ಏನನ್ನೂ ಕೇಳುವುದಿಲ್ಲ. ಎರಡು ಮನೆಗಳ ಪಾತ್ರೆ ತೊಳೆಯುವ ಕೆಲಸದ ನಡುವೆ ಅರ್ಧ ಗಂಟೆ ಕಾಲು ಚಾಚಿದ ಹೆಂಗಸು, ಪರೀಕ್ಷೆಗೆ ಓದುವ ಹುಡುಗ, ಹೆಂಡತಿಯನ್ನು ಕಳೆದುಕೊಂಡ ವೃದ್ಧ, ಹೊಸದಾಗಿ ಮದುವೆಯಾದ ದಂಪತಿಗಳು, ಬಾಗಿಲು ಬಾಗಿಲಿಗೆ ಊಟದ ಪೊಟ್ಟಣವನ್ನು ಮುಟ್ಟಿಸುವ ತರುಣ, ಇವರೆಲ್ಲರೂ ಅಲ್ಲಿ ಒಂದೇ ನೆರಳಿನಲ್ಲಿ ಕೂಡುತ್ತಾರೆ. ಒಬ್ಬರ ಹೆಸರು ಒಬ್ಬರಿಗೆ ತಿಳಿಯದು. ಆದರೂ ಒಬ್ಬರಿರುವುದು ಇನ್ನೊಬ್ಬರಿಗೆ ಧೈರ್ಯ. ಅಲ್ಲಿ ಜೊತೆಯುಂಟು, ಋಣವಿಲ್ಲ.

ಇಂತಹ ಸ್ಥಳಕ್ಕೆ ನಮ್ಮ ಧರ್ಮಶಾಸ್ತ್ರದಲ್ಲಿ ಒಂದು ಹೆಸರುಂಟು. ಯಜ್ಞಯಾಗಗಳು ಇಷ್ಟ, ಬಾವಿ, ಕೆರೆ, ಆರಾಮ ಎಂಬ ಉದ್ಯಾನ, ಅನ್ನಸತ್ರ ಮೊದಲಾದುವುಗಳನ್ನು ಮಾಡಿಸುವುದು ಪೂರ್ತ. ಪೂರ್ತಕ್ಕೆ ಕೊನೆಯಲ್ಲಿ ಉತ್ಸರ್ಗವೆಂಬ ವಿಧಿಯುಂಟು. ದಾನಕ್ಕೂ ಉತ್ಸರ್ಗಕ್ಕೂ ಭೇದವಿದೆ. ದಾನದಲ್ಲಿ ಒಬ್ಬನು ತನ್ನ ಸ್ವತ್ತನ್ನು ಇನ್ನೊಬ್ಬನಿಗೆ ಕೊಡುತ್ತಾನೆ. ಪಡೆದವನು ಅದಕ್ಕೆ ಒಡೆಯನಾಗುತ್ತಾನೆ. ಉತ್ಸರ್ಗದಲ್ಲಿ ಕರ್ತನು ತನ್ನ ಒಡೆತನವನ್ನು ಬಿಡುತ್ತಾನೆ. ಆದರೆ ಇನ್ನೊಬ್ಬ ಒಡೆಯನು ಹುಟ್ಟುವುದಿಲ್ಲ. ಅದು ಸಕಲ ಪ್ರಾಣಿಗಳ ಉಪಯೋಗಕ್ಕಾಗಿ ಬಿಟ್ಟುದು. ಕರ್ತನು ಆ ಮೇಲೆ ಅದೇ ಕೆರೆಯ ನೀರನ್ನು ಕುಡಿಯಬಹುದೆ ಎಂಬ ಪ್ರಶ್ನೆಯನ್ನೂ ನಿಬಂಧಕಾರರು ಎತ್ತಿ, ಕುಡಿಯಬಹುದೆಂದು ಹೇಳಿದ್ದಾರೆ. ಏಕೆಂದರೆ ಎಲ್ಲರಿಗಾಗಿ ಬಿಟ್ಟ ವಸ್ತುವಿನಲ್ಲಿ, ಎಲ್ಲರಲ್ಲಿ ಒಬ್ಬನಾಗಿ, ಅವನಿಗೂ ಪಾಲುಂಟು. ನನ್ನದೆಂದು ಅಲ್ಲ, ನಾನೂ ಒಬ್ಬನೆಂದು. ಈ ಸೂಕ್ಷ್ಮವಾದ ಮಾರ್ಪಾಟಿನಲ್ಲಿಯೇ ಕಿರುದೋಟದ ತೃಪ್ತಿಯ ರಹಸ್ಯವಿದೆಯೆಂದು ನನ್ನ ಸಿದ್ಧಾಂತ. ನ್ಯೂಯಾರ್ಕಿನ ಕಟ್ಟಡದ ಮಾಲೀಕರು ನೆಲವನ್ನು ಕೊಟ್ಟರು, ಆದರೆ ಅಂತಸ್ತುಗಳಿಗೆ ಬದಲಾಗಿ ಕೊಟ್ಟರು. ಅದು ಕ್ರಯವಾಯಿತು, ಉತ್ಸರ್ಗವಾಗಲಿಲ್ಲ. ಪೇಲೀ ಉದ್ಯಾನವು ಕಾಗದಪತ್ರದಲ್ಲಿ ಇಂದಿಗೂ ಖಾಸಗಿಯೇ. ಆದರೆ ಒಳಗೆ ಬಂದವನನ್ನು ನೀನು ಯಾರೆಂದು ಕೇಳುವುದಿಲ್ಲವಾದುದರಿಂದ ಅದರಲ್ಲಿ ಉತ್ಸರ್ಗದ ಗುಣವುಂಟು. ಬಂದವರು ಗುರುತಿಸುವುದು ಪತ್ರವನ್ನಲ್ಲ, ಬಿಟ್ಟ ಮನಸ್ಸನ್ನು.

ಒಡೆತನವು ಉದ್ಯಾನವನ್ನು ಹೇಗೆ ಕೆಡಿಸುವುದೆಂಬುದಕ್ಕೆ ಶೂದ್ರಕನ ಮೃಚ್ಛಕಟಿಕದ ಎಂಟನೆಯ ಅಂಕಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ. ಉಜ್ಜಯಿನಿಯ ಪುಷ್ಪಕರಂಡಕವೆಂಬ ಹಳೆಯ ಉದ್ಯಾನವು ರಾಜನ ಮೈದುನನಾದ ಶಕಾರನ ವಶದಲ್ಲಿದೆ. ಬಡ ಭಿಕ್ಷುವೊಬ್ಬನು ತನ್ನ ಚೀವರವನ್ನು ಒಗೆದುಕೊಳ್ಳಲು ಅಲ್ಲಿಯ ಕೊಳಕ್ಕೆ ಬರುತ್ತಾನೆ. ತನ್ನ ತೋಟದ ನೀರನ್ನು ಹೊಲೆಮಾಡಿದನೆಂದು ಶಕಾರನು ಅವನನ್ನು ಹೊಡೆದು ಬಯ್ಯುತ್ತಾನೆ. ತೋಟದ ಯಾವ ಹೂವೂ ಆ ಶಕಾರನ ಮನಸ್ಸನ್ನು ತಣಿಸುವುದಿಲ್ಲ. ಅದೇ ತೋಟದಲ್ಲಿ ಅವನು ವಸಂತಸೇನೆಯ ಕುತ್ತಿಗೆಯನ್ನು ಹಿಸುಕಿ, ಸತ್ತಳೆಂದು ಬಗೆದು, ಒಣ ಎಲೆಗಳಿಂದ ಮುಚ್ಚಿ ಹೋಗುತ್ತಾನೆ. ಅವಳನ್ನು ಬದುಕಿಸುವವನು ಯಾರು? ಮತ್ತೆ ಅಲ್ಲಿಗೆ ಬಂದ ಆ ಭಿಕ್ಷುವೇ. ಒಗೆದ ಚೀವರದಿಂದ ನೀರನ್ನು ಹಿಂಡಿ ಅವಳನ್ನು ಎಚ್ಚರಿಸುತ್ತಾನೆ. ಯಾವ ಬಟ್ಟೆಯಿಂದ ತೋಟವು ಕೆಟ್ಟಿತೆಂದು ಒಡೆಯನು ಕೂಗಿದನೋ ಆ ಬಟ್ಟೆಯ ನೀರೇ ಪ್ರಾಣವನ್ನು ಕೊಟ್ಟಿತು. ಬೇಲಿಯಾಚೆ ನಿಲ್ಲಿಸಬೇಕೆಂದು ನಾವು ಯಾರನ್ನು ಎಣಿಸುತ್ತೇವೆಯೋ ಅವರ ವಿಷಯವಾಗಿ ಒಮ್ಮೆ ಆಲೋಚಿಸುವಂತೆ ಮಾಡಲು ಈ ಒಂದು ದೃಶ್ಯವು ಸಾಕು.

ಈ ಮಾತು ನಮ್ಮ ಬಡಾವಣೆಗಳಿಗೆ ಚೆನ್ನಾಗಿ ಸಲ್ಲುವುದು. ಬೆಂಗಳೂರಿನ ಸಣ್ಣ ಉದ್ಯಾನಗಳಲ್ಲಿ ಬಹಳ ಕಾಲ ಬೆಳಗಿನ ಹತ್ತು ಗಂಟೆಯ ಸುಮಾರಿಗೆ ಬಾಗಿಲಿಗೆ ಬೀಗವನ್ನು ಹಾಕಿ, ಮಧ್ಯಾಹ್ನ ಕಳೆದ ಮೇಲೆ ತೆಗೆಯುವ ಪದ್ಧತಿಯಿತ್ತು. ಬೆಳಗ್ಗೆ ಆರೋಗ್ಯಕ್ಕಾಗಿ ನಡೆಯುವ ಗೃಹಸ್ಥರಿಗೆ ಅದರಿಂದ ತೊಂದರೆಯಿರಲಿಲ್ಲ. ಆದರೆ ನೆರಳು ಬೇಕಾದುದು ಉರಿಬಿಸಿಲಿನಲ್ಲಿ. ಅದನ್ನು ಬೇಡುವವರು ಹೊರಗೆ ದುಡಿಯುವವರು. ನೆರಳಿಗೆ ಬೀಗವನ್ನು ಹಾಕಲು ಮಧ್ಯಾಹ್ನಕ್ಕಿಂತ ಕ್ರೂರವಾದ ಹೊತ್ತು ಇನ್ನೊಂದಿಲ್ಲ. ೨೦೨೪ರಲ್ಲಿ ಆಗಿದ್ದ ಮಹಾನಗರಪಾಲಿಕೆಯವರು, ಉದ್ಯಾನಗಳನ್ನು ಬೆಳಗಿನ ೫ ಗಂಟೆಯಿಂದ ರಾತ್ರಿ ೧೦ ಗಂಟೆಯವರೆಗೆ ತೆರೆದಿಡಬೇಕೆಂದು ಆಜ್ಞೆಮಾಡಿದುದು ಈ ದೃಷ್ಟಿಯಿಂದ ಸ್ತುತ್ಯವಾದ ಕಾರ್ಯವು. ಆಗ ಕೆಲವು ಗೃಹಸ್ಥರಿಗೆ ಶಂಕೆಗಳು ಉಂಟಾದುವು: ಹೊತ್ತಲ್ಲದ ಹೊತ್ತಿನಲ್ಲಿ ಬರುವವರು ಯಾರೋ ಏನೋ, ಕುಡಿದವರು ಬರುವರು, ಪ್ರಣಯಿಗಳು ಬರುವರು ಎಂದು. ಈ ಶಂಕೆಯನ್ನು ಹಾಸ್ಯಮಾಡಿ ತಳ್ಳುವುದು ತಕ್ಕುದಲ್ಲ. ಹೆಣ್ಣುಮಕ್ಕಳ ಭಯವು ನಿಜವಾದ ಭಯವು, ಭಯವಿರುವಲ್ಲಿ ತೃಪ್ತಿಯಿಲ್ಲ.

ಹಾಗಾದರೆ ನಿಯಮವೇ ಬೇಡವೆ? ಬೇಕು. ಆದರೆ ನಿಯಮಗಳಲ್ಲಿ ಎರಡು ಬಗೆಯುಂಟು. ತೋಟವನ್ನು ಎಲ್ಲರಿಂದಲೂ ರಕ್ಷಿಸುವ ನಿಯಮವು ಒಂದು. ಕೆಲವರನ್ನು ಇನ್ನು ಕೆಲವರಿಂದ ಅಗಲಿಸುವ ನಿಯಮವು ಮತ್ತೊಂದು. ಕೊಂಬೆಯನ್ನು ಮುರಿಯಬಾರದು, ಉಗುಳಬಾರದು, ಕಸವನ್ನು ಚೆಲ್ಲಬಾರದು, ಯಾರನ್ನೂ ಪೀಡಿಸಬಾರದು ಎಂಬುವು ಮೊದಲನೆಯ ಬಗೆಯವು. ಇವು ಧನಿಕನಿಗೂ ದರಿದ್ರನಿಗೂ ಸಮಾನವಾಗಿ ಅನ್ವಯಿಸುತ್ತವೆ. ಇಂತಹವರು ಇಲ್ಲಿ ಕುಳಿತುಕೊಳ್ಳಬಾರದು, ಈ ಬೀದಿಯವರಲ್ಲದವರು ಬರಬಾರದು, ಮಲಗಿದವರನ್ನು ಎಬ್ಬಿಸಬೇಕು ಎಂಬುವು ಎರಡನೆಯ ಬಗೆಯವು. ಮೊದಲನೆಯ ಬಗೆಯು ಕೃತ್ಯವನ್ನು ನೋಡುತ್ತದೆ. ಎರಡನೆಯದು ಮನುಷ್ಯನ ಬಟ್ಟೆಯನ್ನು ನೋಡುತ್ತದೆ. ಯಾವ ಫಲಕವನ್ನು ನೆಡುವ ಮುಂಚೆಯೂ ಈ ಒಂದು ಪರೀಕ್ಷೆಯನ್ನು ಮಾಡಿದರೆ ಸಾಕು. ದುಷ್ಟರ ವಿಷಯದಲ್ಲಿ ಹಿಂದೆ ಹೇಳಿದ ವೈಟನ ಅನುಭವವು ಇನ್ನೊಂದನ್ನು ಹೇಳುತ್ತದೆ: ಬೇಡದವರನ್ನು ದೂರವಿಡುವ ಉಪಾಯವು ಸ್ಥಳವನ್ನು ಬರಡು ಮಾಡುವುದಲ್ಲ, ಎಲ್ಲರೂ ಬರುವಂತೆ ಮಾಡುವುದು. ಹತ್ತು ಮಂದಿಯ ಕಣ್ಣಿಗಿಂತ ಬಲವಾದ ಕಾವಲು ಇಲ್ಲ. ಬರಿದಾದ ತೋಟವೇ ಭಯದ ತೋಟ.

ಇನ್ನು ಕೊನೆಯದೂ ಕಠಿನವಾದುದೂ ಆದ ಆಕ್ಷೇಪವೊಂದು ಉಳಿದಿದೆ. ನೆರಳೂ ತೃಪ್ತಿಯೂ ಒಳ್ಳೆಯವೇ. ಆದರೆ ನಗರದಲ್ಲಿ ನೆಲವು ದುರ್ಲಭ. ಅದೇ ನೆಲದಲ್ಲಿ ಆಸ್ಪತ್ರೆಯನ್ನು ಕಟ್ಟಿದರೆ ಪ್ರಾಣಗಳುಳಿಯುವುವಲ್ಲವೆ? ಪ್ರಾಣಕ್ಕಿಂತ ತೃಪ್ತಿಯು ಹೆಚ್ಚಿನದೆ? ಇದು ಊಹೆಯ ಪ್ರಶ್ನೆಯಲ್ಲ. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ, ಎಂದರೆ ಈಗಿನ ಸದಾಶಿವನಗರದಲ್ಲಿ, ಉದ್ಯಾನಕ್ಕೆಂದು ಮೀಸಲಿಟ್ಟಿದ್ದ ಒಂದು ನಿವೇಶನವನ್ನು ೧೯೭೬ರಲ್ಲಿ ಸರಕಾರದ ಸೂಚನೆಯ ಮೇರೆಗೆ ಒಂದು ಖಾಸಗಿ ವೈದ್ಯಕೀಯ ಸಂಸ್ಥೆಗೆ ಹಂಚಿದರು. ಬಡಾವಣೆಯ ನಿವಾಸಿಗಳು ನ್ಯಾಯಾಲಯಕ್ಕೆ ಹೋದರು. ವ್ಯಾಜ್ಯವು ಮೆಟ್ಟಿಲೇರಿ, ೧೯೯೧ರಲ್ಲಿ ಸರ್ವೋಚ್ಚ ನ್ಯಾಯಾಲಯವು ಉದ್ಯಾನದ ಪಕ್ಷದಲ್ಲಿ ತೀರ್ಪುಕೊಟ್ಟಿತು. ಆ ತೀರ್ಪಿನ ಸಾರವು ಇಷ್ಟು: ಸಾರ್ವಜನಿಕರಿಗೆಂದು ಬಿಟ್ಟ ತೆರಪು ನೆಲವು ಊರಿನ ಆರೋಗ್ಯಕ್ಕೇ ಅವಶ್ಯವಾದುದು, ಹಣವನ್ನು ಕೊಡಬಲ್ಲವರಿಗೆ ಮಾತ್ರ ತೆರೆದಿರುವ ಖಾಸಗಿ ಶುಶ್ರೂಷಾಲಯವು ಅದಕ್ಕೆ ಬದಲಾಗಲಾರದು, ಇಂತಹ ನೆಲವು ಕೈತಪ್ಪುವಾಗ ಕೇಳುವ ಅಧಿಕಾರವು ಅಲ್ಲಿಯ ನಿವಾಸಿಗಳಿಗೆ ಉಂಟು. ಉದ್ಯಾನಗಳನ್ನೂ ಆಟದ ಬಯಲುಗಳನ್ನೂ ತೆರಪು ಸ್ಥಳಗಳನ್ನೂ ರಕ್ಷಿಸುವುದಕ್ಕೆಂದೇ ಕರ್ನಾಟಕದಲ್ಲಿ ೧೯೮೫ರಲ್ಲಿ ಒಂದು ಕಾಯಿದೆಯೂ ಆಗಿದೆ.

ಇಲ್ಲಿಯ ನ್ಯಾಯವನ್ನು ನಾವು ಚೆನ್ನಾಗಿ ಗ್ರಹಿಸಬೇಕು. ಆಸ್ಪತ್ರೆಯು ಹೀನವೆಂದಲ್ಲ. ಊರಿಗೆ ಆಸ್ಪತ್ರೆಯು ಬೇಕು. ಅದಕ್ಕೆ ತಕ್ಕ ನೆಲವನ್ನು ಕೊಂಡು ಕಟ್ಟಬೇಕು. ಒಮ್ಮೆ ಎಲ್ಲರಿಗಾಗಿ ಬಿಟ್ಟುದನ್ನು, ಎಷ್ಟು ಒಳ್ಳೆಯ ಹೆಸರಿನಿಂದಲಾದರೂ, ಕೆಲವರ ಸ್ವತ್ತಾಗಿ ಹಿಂದಕ್ಕೆ ತೆಗೆದುಕೊಳ್ಳುವುದು ಉತ್ಸರ್ಗಭಂಗವು. ಇಂದು ಆಸ್ಪತ್ರೆ, ನಾಳೆ ಸಭಾಭವನ, ನಾಡಿದು ವಾಹನಗಳ ನಿಲುಗಡೆ. ಪ್ರತಿಯೊಂದು ಪ್ರಯೋಜನವೂ ತೋಟಕ್ಕಿಂತ ದೊಡ್ಡದಾಗಿಯೇ ತೋರುವುದು. ಏಕೆಂದರೆ ಅವುಗಳ ಫಲವನ್ನು ಎಣಿಸಬಹುದು. ನಿತ್ಯದ ಫಲವನ್ನು ಎಣಿಸಲಾಗದು. ಎಣಿಸಲಾಗದುದರ ಪರವಾಗಿ ನಿಲ್ಲಲು ಧರ್ಮವೇ ಬೇಕು, ಲೆಕ್ಕವು ಸಾಲದು.

ಈ ಧರ್ಮವು ಅಧಿಕಾರಿಗಳಿಗೆ ಮಾತ್ರ ಸೇರಿದುದಲ್ಲ. ತೋಟಕ್ಕೆ ಬರುವ ನಮಗೂ ಸೇರಿದುದು. ದಿನವೂ ಬಂದು ಒಂದೇ ಬೆಂಚಿನಲ್ಲಿ ಕುಳಿತವನಿಗೆ ಕ್ರಮೇಣ ಅದು ತನ್ನ ಬೆಂಚೆಂಬ ಭಾವವು ಹುಟ್ಟುತ್ತದೆ. ಬೆಳಗಿನ ನಡಿಗೆಯ ಗೆಳೆಯರ ಕೂಟಕ್ಕೆ ಮಕ್ಕಳ ಚೆಂಡು ಉಪದ್ರವವಾಗಿ ಕಾಣುತ್ತದೆ. ಮಕ್ಕಳಿಗೆ ಮುದುಕರು ಉಪದ್ರವವಾಗಿ ಕಾಣುತ್ತಾರೆ. ಸುತ್ತಲಿನ ಮನೆಯವರಿಗೆ ತೋಟವು ತಮ್ಮ ಅಂಗಳವೆನಿಸುತ್ತದೆ. ಹೀಗೆ ಶಕಾರನು ನಮ್ಮೆಲ್ಲರೊಳಗೂ ಸ್ವಲ್ಪ ಸ್ವಲ್ಪ ಇದ್ದಾನೆ. ಅವನು ತಲೆಯೆತ್ತಿದ ಕ್ಷಣದಲ್ಲಿ ತೃಪ್ತಿಯು ಹೊರಟುಹೋಗುತ್ತದೆ; ಮರಗಳೂ ನೆರಳೂ ಅಲ್ಲಿಯೇ ಇರುತ್ತವೆ, ನಾವು ಮಾತ್ರ ಕಾವಲುಗಾರರಾಗಿಬಿಡುತ್ತೇವೆ. ಬೆಂಚಿನ ತುದಿಗೆ ಸರಿದು ಇನ್ನೊಬ್ಬರಿಗೆ ಎಡೆಮಾಡಿಕೊಡುವವನೇ ಅಲ್ಲಿ ನಿಜವಾಗಿ ಕುಳಿತವನು.

ಆರಂಭದ ಸಂಶಯಕ್ಕೆ ಈಗ ಸಮಾಧಾನವು ದೊರೆಯಿತೆಂದು ಭಾವಿಸುತ್ತೇನೆ. ಎಲ್ಲೆಕಟ್ಟಿದುದು ಮನುಷ್ಯನನ್ನು ತಣಿಸಲಾರದೆಂಬ ಉಪನಿಷತ್ತಿನ ನಿರ್ಣಯಕ್ಕೆ ಕಿರುದೋಟವು ವಿರುದ್ಧವಲ್ಲ. ಅದಕ್ಕೆ ಸಾಕ್ಷಿಯೇ ಆಗಿದೆ. ನಮ್ಮನ್ನು ಕುಗ್ಗಿಸುವ ಎಲ್ಲೆಯು ಕಬ್ಬಿಣದ ಬೇಲಿಯಲ್ಲ; ನನ್ನದು, ಅವನದು ಎಂಬ ಗೆರೆ. ಆ ಗೆರೆಯಿದ್ದರೆ ಇನ್ನೂರು ಎಕರೆಯ ತೋಟವೂ ಅಲ್ಪವೇ. ಅದು ಅರ್ಧ ಗಂಟೆಯ ಮಟ್ಟಿಗಾದರೂ ಅಳಿಸಿದರೆ ನಾಲ್ಕು ಗುಂಟೆಯೊಳಗೆ ಭೂಮದ ಗಾಳಿಯು ಸುಳಿಯುತ್ತದೆ. ಬ್ರಹ್ಮಜ್ಞಾನವು ಪಾರ್ಕಿನ ಬೆಂಚಿನಲ್ಲಿ ದೊರೆಯುವುದೆಂದು ನಾನು ಹೇಳುತ್ತಿಲ್ಲ. ಆದರೆ ಅದರ ನೆರಳು ಅಲ್ಲಿ ಬಿದ್ದೀತು.

ಬೌದ್ಧರ ವಿನಯಗ್ರಂಥದಲ್ಲಿ ಜೇತವನದ ಕಥೆಯುಂಟು. ಅನಾಥಪಿಂಡಿಕನೆಂಬ ಶ್ರಾವಸ್ತಿಯ ಸೆಟ್ಟಿಯು ಬುದ್ಧನಿಗಾಗಿ ಊರಿಗೆ ಬಹಳ ದೂರವೂ ಅಲ್ಲದ, ಬಹಳ ಹತ್ತಿರವೂ ಅಲ್ಲದ, ಹೋಗಿಬರಲು ಸುಲಭವಾದ, ಸದ್ದಿಲ್ಲದ ಸ್ಥಳವನ್ನು ಹುಡುಕಿ, ಜೇತನೆಂಬ ರಾಜಕುಮಾರನ ಉದ್ಯಾನವನ್ನು ಮೆಚ್ಚಿದನು. ನೆಲದ ತುಂಬ ಹೊನ್ನಿನ ನಾಣ್ಯಗಳನ್ನು ಹಾಸಿ ಅದನ್ನು ಕೊಂಡನು. ತಂದ ಹೊನ್ನೆಲ್ಲವನ್ನು ಹಾಸಿದರೂ ಬಾಗಿಲ ಬಳಿ ಸ್ವಲ್ಪ ನೆಲವು ಉಳಿಯಿತು. ಅದಕ್ಕೆ ಹೊನ್ನು ಬೇಡ, ಅದು ನನ್ನ ಕೊಡುಗೆಯಾಗಿರಲಿ ಎಂದು ಜೇತನು ಹೇಳಿ, ಅಲ್ಲಿ ಹೆಬ್ಬಾಗಿಲನ್ನು ಕಟ್ಟಿಸಿದನು. ವನವೆಲ್ಲವೂ ಬೆಲೆಗೆ ಬಂದಿತು. ಒಳಗೆ ಬರುವ ಬಾಗಿಲು ಮಾತ್ರ ಬೆಲೆಯಿಲ್ಲದೆ ಬಿಟ್ಟ ನೆಲದ ಮೇಲೆ ನಿಂತಿತು. ನಮ್ಮ ಊರುಗಳಲ್ಲಿ ಕಿರುದೋಟಗಳನ್ನು ಮಾಡುವವರೂ ಕಾಯುವವರೂ ಅವುಗಳಿಗೆ ದಿನವೂ ಹೋಗುವವರೂ ತಮ್ಮ ತೋಟದ ಬಾಗಿಲು ಎಂತಹ ನೆಲದ ಮೇಲೆ ನಿಂತಿದೆಯೆಂಬುದನ್ನು ಆಗಾಗ ನೋಡಿಕೊಳ್ಳುವುದು ಒಳ್ಳೆಯದು.